ಕಾಲು ಜಾರಿದರೆ ಊರಿನ ಹೊಣೆ, ಕರೆಂಟ್ ಹೊಡೆದರೆ ಕಂಪನಿ ಹೊಣೆ

ಕರೆಂಟ್ ಆಫೀಸಿಗೆ ಸೇರಿದ ಖಾಲಿ ಜಾಗವನ್ನು ಊರಿನವರು ಬಳಸಿಕೊಳ್ಳಲು ಬಿಡಿ ಎಂದು ಎಲ್ಲಿ ಕೇಳಿದರೂ ಸಿಗುವ ಉತ್ತರ ಒಂದೇ: “ಏನಾದರೂ ಆದರೆ ಯಾರು ಹೊಣೆ?” ಕೇಳಿದವರು ಅಲ್ಲಿಗೆ ತೆಪ್ಪಗಾಗುತ್ತಾರೆ. ಇದು ಜನರ ಬಾಯಿ ಮುಚ್ಚಿಸಲು ಬಳಸುವ ಪ್ರಶ್ನೆ ಆಗಬಾರದು, ಶಾಸನಸಭೆ ಕೂತು ಉತ್ತರ ಬರೆಯಬೇಕಾದ ಪ್ರಶ್ನೆ ಆಗಬೇಕು ಎಂಬುದು ನನ್ನ ವಾದ.

ನಾನು ಆಂಧ್ರದ ಕರ್ನೂಲು ಜಿಲ್ಲೆಯ ಆದೋನಿ ಕೋರ್ಟಿನಲ್ಲಿ ವಕೀಲಿ ಮಾಡುವವನು. ಮನೆಯಲ್ಲಿ ಕನ್ನಡ, ಕೋರ್ಟಿನ ಮೊಗಸಾಲೆಯಲ್ಲಿ ತೆಲುಗು, ಕಾಗದದಲ್ಲಿ ಇಂಗ್ಲಿಷು. ಕೌತಾಳಂ ಕಡೆಯ ಒಂದು ಊರಿನ ಸರ್ಪಂಚರು ಬೇಸಿಗೆಯಲ್ಲಿ ಅರ್ಜಿ ಬರೆಸಲು ಬಂದಿದ್ದರು. ಅವರ ಊರಿನ ಸಬ್‌ಸ್ಟೇಷನ್ನಿಗೆ ಬಿಟ್ಟುಕೊಟ್ಟ ಜಾಗದಲ್ಲಿ ತಂತಿಬೇಲಿಯೊಳಗಿನ ಯಾರ್ಡು ಹಿಡಿದಿರುವುದು ಅರ್ಧದಷ್ಟು. ಉಳಿದದ್ದರಲ್ಲಿ ಬಳ್ಳಾರಿ ಜಾಲಿ ಬೆಳೆದು ಹಂದಿಗೂ ಹಾವಿಗೂ ಮನೆಯಾಗಿದೆ. “ಜಾಲಿ ನಾವೇ ಕೀಳಿಸ್ತೀವಿ. ಹುಡುಗರಿಗೆ ವಾಲಿಬಾಲ್ ಆಡಾಕ ಆಗ್ತೈತಿ, ಸುಗ್ಗ್ಯಾಗ ಮೆಣಸಿನಕಾಯಿ ಒಣಗ್ಸಾಕ ಆಗ್ತೈತಿ. ಆ ಜಾಗ ಪುಕ್ಕಟೆ ಬರಕೊಟ್ಟೋರು ನಮ್ಮ ದೊಡ್ಡಪ್ಪಾರೇ ವಕೀಲರ,” ಅಂದರು.

ಅರ್ಜಿ ಹಿಡಿದು ಇಬ್ಬರೂ ಕರೆಂಟ್ ಆಫೀಸಿಗೆ ಹೋದೆವು. ಅಲ್ಲಿನ ಸಹಾಯಕ ಎಂಜಿನಿಯರ್, ಅಂದರೆ ಎಇ ಸಾಹೇಬರು ಒಳ್ಳೆಯವರು, ಕೂರಿಸಿ ಟೀ ತರಿಸಿದರು. ಆಮೇಲೆ ನನ್ನ ಕಡೆ ತಿರುಗಿ, “ಲಾಯರ್ ಸಾರೂ, ಜಾಗ ಕೊಡೋಕೆ ನನಗೇನು ಹೊಟ್ಟೆಕಿಚ್ಚಾ? ನಾಳೆ ಒಬ್ಬ ಹುಡುಗ ಬಿದ್ದು ಕೈ ಮುರಕೊಂಡ್ರೆ ಮೆಮೋ ಬರೋದು ನನಗೆ. ಜಾಲಿ ಬೆಳದ್ರೆ ಯಾರೂ ಮೆಮೋ ಕೊಡಲ್ಲ,” ಅಂದರು.

ಆ ಕೊನೆಯ ಮಾತಿನಲ್ಲಿ ಇಡೀ ಸಮಸ್ಯೆ ಇದೆ. ಜಾಗ ಹಾಳುಬಿಟ್ಟ ಅಧಿಕಾರಿಗೆ ಶಿಕ್ಷೆ ಇಲ್ಲ, ಉಪಯೋಗಕ್ಕೆ ಕೊಟ್ಟವನಿಗೆ ಅಪಾಯ. ಹೀಗಿರುವಾಗ ಬುದ್ಧಿ ಇರುವ ಯಾವ ಎಂಜಿನಿಯರೂ ರುಜು ಹಾಕುವುದಿಲ್ಲ. ನಾನು ಅವರ ಜಾಗದಲ್ಲಿದ್ದರೂ ಹಾಕುತ್ತಿರಲಿಲ್ಲ.

ಹಾಗಂತ ಜನ ಬಳಸದೆ ಬಿಟ್ಟಿದ್ದಾರೆಯೇ? ಆಲೂರು, ಹೊಳಗುಂದ, ಹಾಲಹರ್ವಿ, ಕೋಸಿಗಿ ಕಡೆ ಒಮ್ಮೆ ತಿರುಗಾಡಿದವರಿಗೆ ಗೊತ್ತು. ಟವರ್ ಲೈನಿನ ಕೆಳಗೆ ಬಂಡಿದಾರಿ ಬಿದ್ದಿದೆ. ಟ್ರಾನ್ಸ್‌ಫಾರ್ಮರಿನ ಕಟ್ಟೆ ಪಕ್ಕದಲ್ಲೇ ಸಂತೆ ಕೂರುತ್ತದೆ. ಬೋರು ಬತ್ತಿದ ಊರಿನಲ್ಲಿ ಸಬ್‌ಸ್ಟೇಷನ್ನಿನ ಬೋರಿಗೆ ಹೆಂಗಸರು ಕೊಡ ಹಿಡಿದು ಬರುತ್ತಾರೆ. ಅರ್ಥಿಂಗ್ ಗುಂಡಿಗೆ ನೀರು ಹಾಕಲೆಂದು ಕೊರೆಸಿದ ಬೋರು ಅದು. ಶ್ರಾವಣದಲ್ಲಿ ಉರುಕುಂದ ಈರಣ್ಣನ ದರ್ಶನಕ್ಕೆ ಬಳ್ಳಾರಿ, ರಾಯಚೂರು, ಕೊಪ್ಪಳದಿಂದ ಬರುವ ಜನ ಬಯಲು ಕಂಡಲ್ಲಿ ಒಲೆ ಹೂಡುತ್ತಾರೆ; ಆ ಬಯಲು ಯಾರದ್ದು, ಮೇಲೆ ಯಾವ ಲೈನು ಹೋಗಿದೆ ಎಂದು ಕೇಳಿಕೊಂಡು ಯಾರೂ ಅಕ್ಕಿ ತೊಳೆಯುವುದಿಲ್ಲ. ದಸರೆಯ ರಾತ್ರಿ ದೇವರಗಟ್ಟಿನಲ್ಲಿ ಮಾಳ ಮಲ್ಲೇಶ್ವರನ ಬನ್ನಿ ಉತ್ಸವಕ್ಕೆ ಸೇರುವ ಜನಸಾಗರ ಯಾವ ಸರ್ವೆ ನಂಬರಿನಲ್ಲಿ ನಿಂತಿದೆ ಎಂದು ಪೊಲೀಸರಿಗೂ ಗೊತ್ತಿರುವುದಿಲ್ಲ.

ಅಂದರೆ ಬಳಕೆ ಈಗಾಗಲೇ ಇದೆ. ಇಲ್ಲದಿರುವುದು ಅದಕ್ಕೊಂದು ಲೆಕ್ಕಪತ್ರ. ತಲೆಬುರುಡೆಯ ಬೋರ್ಡು ಹಾಕಿ “ಪ್ರವೇಶ ನಿಷೇಧ” ಎಂದು ಬರೆದ ಮಾತ್ರಕ್ಕೆ ಹೊಣೆ ಕಳೆಯಿತು ಎಂದು ವಿದ್ಯುತ್ ಕಂಪನಿ ತಿಳಿದರೆ ಅದು ಕಾನೂನು ಓದದವರ ಸಮಾಧಾನ. ಬ್ರಿಟನ್ನಿನಲ್ಲಿ 1929ರ ತೀರ್ಪೊಂದು ಅತಿಕ್ರಮ ಪ್ರವೇಶ ಮಾಡಿದವನ ವಿಷಯದಲ್ಲಿ ಜಾಗದ ಮಾಲೀಕನಿಗೆ ಹೆಚ್ಚಿನ ಹೊಣೆ ಇಲ್ಲ ಎಂದಿತ್ತು. 1965ರಲ್ಲಿ ಲಂಡನ್ ಪಕ್ಕದ ಮಿಚಮ್ ಎಂಬಲ್ಲಿ ಆರು ವರ್ಷದ ಹುಡುಗನೊಬ್ಬ ಮುರಿದ ಬೇಲಿಯಿಂದ ನುಸುಳಿ ರೈಲ್ವೆಯ ಕರೆಂಟ್ ಹಳಿ ಮುಟ್ಟಿ ಸುಟ್ಟುಕೊಂಡ. ಬೇಲಿ ಮುರಿದದ್ದು, ಮಕ್ಕಳು ಓಡಾಡುವುದು ರೈಲ್ವೆಯವರಿಗೆ ತಿಳಿದಿತ್ತು. 1972ರಲ್ಲಿ ಹೌಸ್ ಆಫ್ ಲಾರ್ಡ್ಸ್ ಹಳೆಯ ತೀರ್ಪನ್ನು ಬದಿಗಿಟ್ಟು, ನುಗ್ಗಿದವನಾದರೂ ಮನುಷ್ಯ, ಅವನ ಬಗ್ಗೆ ಮನುಷ್ಯತ್ವದ ಕನಿಷ್ಠ ಎಚ್ಚರ ಇರಲೇಬೇಕು ಎಂದಿತು. ನಮ್ಮ ಕಡೆಯ ಸಬ್‌ಸ್ಟೇಷನ್ ಬೇಲಿಗಳನ್ನು ನೋಡಿದಾಗಲೆಲ್ಲ ನನಗೆ ಮಿಚಮ್ಮಿನ ಬೇಲಿ ನೆನಪಾಗುತ್ತದೆ.

ನಮ್ಮ ಸುಪ್ರೀಂ ಕೋರ್ಟು ಇನ್ನೂ ಮುಂದೆ ಹೋಗಿದೆ. 1997ರ ಆಗಸ್ಟ್‌ನಲ್ಲಿ ಮಧ್ಯಪ್ರದೇಶದಲ್ಲಿ ಒಬ್ಬ ಕಾರ್ಮಿಕ ಮಳೆಯ ರಾತ್ರಿ ಸೈಕಲ್ ಮೇಲೆ ಮನೆಗೆ ಹೊರಟಿದ್ದ. ರಸ್ತೆ ಮೇಲೆ ನಿಂತ ನೀರಿನಲ್ಲಿ ಕರೆಂಟ್ ತಂತಿ ಬಿದ್ದಿತ್ತು. ಯಾರೋ ಕರೆಂಟ್ ಕದಿಯಲು ಎಳೆದ ತಂತಿ, ನಮ್ಮದೇನು ತಪ್ಪು ಎಂದು ವಿದ್ಯುತ್ ಮಂಡಳಿ ವಾದಿಸಿತು. 2002ರಲ್ಲಿ ಸುಪ್ರೀಂ ಕೋರ್ಟು ಆ ವಾದ ಒಪ್ಪಲಿಲ್ಲ. ಇಷ್ಟು ಅಪಾಯದ ವಸ್ತುವನ್ನು ಊರೂರಿಗೆ ಹರಿಸುವವನು ಅದರಿಂದಾದ ಹಾನಿಗೆ ಹೊಣೆ, ಅವನ ಅಲಕ್ಷ್ಯವನ್ನು ನೊಂದವರು ರುಜುವಾತು ಮಾಡಬೇಕಿಲ್ಲ ಎಂದಿತು. 4.34 ಲಕ್ಷ ರೂಪಾಯಿ ಪರಿಹಾರ ಉಳಿಯಿತು. ಪಾಣಿಪತ್‌ನಲ್ಲಿ ಮಾಳಿಗೆ ಮೇಲೆ ಹಾದುಹೋದ 11 ಕೆವಿ ತಂತಿಯಿಂದ ಕೈಕಾಲು ಕಳೆದುಕೊಂಡ ಪುಟ್ಟ ಹುಡುಗನಿಗೆ 60 ಲಕ್ಷ ರೂಪಾಯಿ ಕೊಡಬೇಕೆಂದು 2014ರಲ್ಲಿ ಅದೇ ಕೋರ್ಟು ಹೇಳಿತು.

ಈ ಎರಡೂ ಘಟನೆ ನಡೆದದ್ದು ಕಂಪನಿಯ ಜಾಗದಲ್ಲಲ್ಲ. ಒಂದು ರಸ್ತೆಯಲ್ಲಿ, ಇನ್ನೊಂದು ಮನೆಯ ಮೇಲೆ. 2023ರ ನವೆಂಬರ್‌ನಲ್ಲಿ ಬೆಂಗಳೂರಿನ ಕಾಡುಗೋಡಿ ಬಳಿ ತಾಯಿ, ಮಗು ತಂತಿ ತುಳಿದು ಸತ್ತದ್ದು ಫುಟ್‌ಪಾತಿನ ಮೇಲೆ. ಕರೆಂಟಿನ ಹೊಣೆ ಕರೆಂಟಿನ ಹಿಂದೆ ಹೋಗುತ್ತದೆ, ಜಾಗದ ಹಿಂದೆ ಅಲ್ಲ. ಜಾಗ ಮುಚ್ಚಿಟ್ಟರೆ ಕಂಪನಿಗೆ ಆಗುವ ಲಾಭ ಆದ್ದರಿಂದ ಎಇ ಸಾಹೇಬರು ಅಂದುಕೊಂಡಷ್ಟು ದೊಡ್ಡದಲ್ಲ.

ಹಾಗಾದರೆ ಅವರ ಭಯ ಸುಳ್ಳೇ? ಅದೂ ಅಲ್ಲ. ಅವರು ಹೇಳಿದ್ದು ಕೈ ಮುರಿಯುವ ಮಾತು. ಗುಂಡಿಗೆ ಕಾಲು ಹಾಕುವುದು, ಹಾವು ಕಚ್ಚುವುದು, ವಾಲಿಬಾಲ್ ಆಡುವಾಗ ಬೀಳುವುದು, ಸುಗ್ಗಿಯಲ್ಲಿ ಟ್ರಾಕ್ಟರ್ ಹಿಂದೆ ಬರುವಾಗ ಯಾರಿಗೋ ತಾಗುವುದು: ಇವಕ್ಕೂ ಕರೆಂಟಿಗೂ ಸಂಬಂಧವಿಲ್ಲ. ಊರಿನ ಕಣದಲ್ಲಿ, ಶಾಲೆಯ ಅಂಗಳದಲ್ಲಿ ಆಗುವಂಥವೇ ಇಲ್ಲಿಯೂ ಆಗುತ್ತವೆ. ಈ ಅಪಾಯಗಳನ್ನು ಕಂಪನಿಯ ತಲೆಗೆ ಕಟ್ಟುವುದು ನ್ಯಾಯವಲ್ಲ. ಪುಕ್ಕಟೆ ಜಾಗ ಬಿಟ್ಟುಕೊಟ್ಟವನನ್ನೇ ಕೋರ್ಟಿಗೆ ಎಳೆದರೆ ನಾಳೆ ಯಾರೂ ಜಾಗ ಕೊಡುವುದಿಲ್ಲ.

ಅದಕ್ಕೇ ನಾನು ಹೊಣೆಯನ್ನು ಎರಡಾಗಿ ಸೀಳಿ ಎನ್ನುತ್ತೇನೆ. ಕಾಲು ಜಾರಿದರೆ ಊರಿನ ಹೊಣೆ, ಕರೆಂಟ್ ಹೊಡೆದರೆ ಕಂಪನಿ ಹೊಣೆ. ಮೊದಲನೆಯದರಿಂದ ಕಂಪನಿಗೆ ಕಾನೂನಿನಲ್ಲಿ ಸ್ಪಷ್ಟ ಬಿಡುಗಡೆ ಸಿಗಲಿ. ಎರಡನೆಯದರಲ್ಲಿ ಒಂದು ಕೂದಲೆಳೆಯಷ್ಟೂ ರಿಯಾಯಿತಿ ಬೇಡ.

ಬಿಡುಗಡೆ ಕೊಡುವ ಯೋಚನೆ ನನ್ನ ಕನಸಲ್ಲ. ಅಮೆರಿಕದ ರಾಜ್ಯಗಳಲ್ಲಿ ತಮ್ಮ ಜಮೀನನ್ನು ಜನರ ವಿಹಾರಕ್ಕೆ ಪುಕ್ಕಟೆ ಬಿಡುವ ಮಾಲೀಕರಿಗೆ ಹೊಣೆ ಕಡಿಮೆ ಮಾಡುವ ಕಾಯ್ದೆಗಳು ಬಹಳ ಕಾಲದಿಂದ ಇವೆ. 1965ರಲ್ಲಿ ಅದಕ್ಕೊಂದು ಮಾದರಿ ಮಸೂದೆಯೂ ತಯಾರಾಗಿತ್ತು. ಟೆಕ್ಸಾಸ್ ರಾಜ್ಯ 2013ರಲ್ಲಿ ವಿದ್ಯುತ್ ಕಂಪನಿಗಳಿಗೆಂದೇ ಒಂದು ಕಲಮು ಸೇರಿಸಿತು. ಅದು ಮೊದಲು ಅನ್ವಯಿಸಿದ್ದು 40 ಲಕ್ಷಕ್ಕೂ ಹೆಚ್ಚು ಜನ ಇರುವ ಕೌಂಟಿಗೆ, ಅಂದರೆ ಹ್ಯೂಸ್ಟನ್ ನಗರ ಇರುವ ಹ್ಯಾರಿಸ್ ಕೌಂಟಿಗೆ ಮಾತ್ರ. ಅಲ್ಲಿ ಹಳ್ಳಗಳು ಹೆಚ್ಚಾಗಿ ಪೂರ್ವ ಪಶ್ಚಿಮವಾಗಿ ಹರಿಯುತ್ತವೆ, ದಂಡೆಗುಂಟ ನಡೆಯುವ ದಾರಿಗಳಿವೆ. ಅವನ್ನು ಉತ್ತರ ದಕ್ಷಿಣವಾಗಿ ಜೋಡಿಸಲು ಜಾಗ ಇದ್ದದ್ದು ಹೈಟೆನ್ಷನ್ ಲೈನುಗಳ ಕೆಳಗೆ. ಸೆಂಟರ್‌ಪಾಯಿಂಟ್ ಎಂಬ ಕಂಪನಿ ಕಾಯ್ದೆ ಬಂದ ಮೇಲೆ, 2014ರಲ್ಲಿ ನಗರದ ಜತೆ ಒಪ್ಪಂದ ಮಾಡಿಕೊಂಡು ನಡೆಯುವವರಿಗೂ ಸೈಕಲ್ಲಿನವರಿಗೂ ಆ ಪಟ್ಟಿ ಬಿಟ್ಟುಕೊಟ್ಟಿತು.

ಆ ಕಾಯ್ದೆಯಿಂದ ಕಲಿಯಬೇಕಾದ್ದು ಒಂದಿದೆ, ಬಿಡಬೇಕಾದ್ದು ಒಂದಿದೆ. ಸ್ಥಳೀಯ ಸಂಸ್ಥೆಯೊಂದಿಗೆ ಬರಹದ ಒಪ್ಪಂದ ಇರಬೇಕು ಎಂಬುದನ್ನು ಕಲಿಯೋಣ. ಆದರೆ ಅಲ್ಲಿ ಕಂಪನಿಯ ಮೇಲೆ ಹೊಣೆ ಹೊರಿಸಲು ಅದು ಬೇಕೆಂದೇ ಮಾಡಿದೆ, ಇಲ್ಲವೆ ಘೋರ ಅಲಕ್ಷ್ಯ ತೋರಿದೆ ಎಂದು ಸಾಬೀತು ಮಾಡಬೇಕು. ಅದನ್ನು ಇಲ್ಲಿಗೆ ತಂದರೆ ಬಡವರಿಗೆ ಬಾಗಿಲು ಮುಚ್ಚಿದಂತೆ. ಕೋಸಿಗಿಯ ಕೂಲಿಯವಳು, ಗುಂಟೂರಿಗೆ ಮೆಣಸಿನಕಾಯಿ ಬಿಡಿಸಲು ವಲಸೆ ಹೋಗಿ ಬಂದವಳು, ಬ್ರೇಕರ್ ಯಾಕೆ ಟ್ರಿಪ್ ಆಗಲಿಲ್ಲ, ರಿಲೇ ಯಾವಾಗ ಪರೀಕ್ಷೆ ಆಗಿತ್ತು ಎಂದು ಹೇಗೆ ರುಜುವಾತು ಮಾಡಬೇಕು? ಲಾಗ್‌ಬುಕ್ ಇರುವುದು ಕಂಪನಿಯ ಕೈಯಲ್ಲಿ. ನಮ್ಮ ಸುಪ್ರೀಂ ಕೋರ್ಟು ಕೊಟ್ಟ ಕಟ್ಟುನಿಟ್ಟಿನ ಹೊಣೆ ಎಂಬ ತತ್ವವೊಂದೇ ಅವಳ ಕೈಗೆ ಸಿಕ್ಕ ಆಯುಧ. ವಾಲಿಬಾಲ್ ಅಂಗಳದ ಆಸೆಗೆ ಅದನ್ನು ಬಿಟ್ಟುಕೊಡಲು ನಾನು ಸಿದ್ಧನಿಲ್ಲ.

ಇನ್ನೊಂದು ವ್ಯತ್ಯಾಸವನ್ನೂ ಮರೆಯಬಾರದು. ನಮ್ಮಲ್ಲಿ ಲೈನಿನ ಕೆಳಗಿನ ನೆಲ ಸಾಮಾನ್ಯವಾಗಿ ಕಂಪನಿಯದ್ದಲ್ಲ, ರೈತನದು. 1885ರ ಟೆಲಿಗ್ರಾಫ್ ಕಾಯ್ದೆಯ ಅಧಿಕಾರವನ್ನು ವಿದ್ಯುತ್ ಕಾಯ್ದೆಯ ಮೂಲಕ ಎರವಲು ಪಡೆದು ತಂತಿ ಎಳೆದಾಗ ಕಂಪನಿಗೆ ಸಿಕ್ಕಿದ್ದು ಬಳಸುವ ಹಕ್ಕು ಮಾತ್ರ. 132 ಕೆವಿ ಲೈನಿಗೆ 27 ಮೀಟರ್, 220 ಕೆವಿ ಲೈನಿಗೆ 35 ಮೀಟರ್ ಅಗಲದ ಪಟ್ಟಿ ಎಂದು ರೂಢಿ ಇದೆ. ಅದರೊಳಗೆ ರೈತ ಮನೆ ಕಟ್ಟುವಂತಿಲ್ಲ, ಎತ್ತರದ ಮರ ಬೆಳೆಸುವಂತಿಲ್ಲ, ಹತ್ತಿ, ಶೇಂಗಾ ಬೆಳೆಯಬಹುದು. ಕೇಂದ್ರ ಇಂಧನ ಸಚಿವಾಲಯ 2015ರ ಮಾರ್ಗಸೂಚಿಯಲ್ಲಿ ಟವರ್ ನಿಂತ ಜಾಗಕ್ಕೆ ಭೂಮಿಯ ಬೆಲೆಯ ಶೇ 85ರಷ್ಟು ಪರಿಹಾರ ಎಂದಿತ್ತು. 2024ರ ಜೂನ್‌ನಲ್ಲಿ ಅದನ್ನು ಶೇ 200ಕ್ಕೆ, ತಂತಿಯ ಕೆಳಗಿನ ಪಟ್ಟಿಗೆ ಶೇ 30ಕ್ಕೆ ಏರಿಸಿತು. ಆದ್ದರಿಂದ ಲೈನ್ ಕೆಳಗಿನ ಬಂಡಿದಾರಿ ವಿಷಯದಲ್ಲಿ ಕಾಲು ಜಾರುವ ಹೊಣೆಯಿಂದ ರಕ್ಷಣೆ ಮೊದಲು ಸಿಗಬೇಕಾದ್ದು ರೈತನಿಗೆ. ಅವನ ಒಪ್ಪಿಗೆ ಇಲ್ಲದೆ ಒಂದು ಅಡಿಯೂ ಸಾರ್ವಜನಿಕ ದಾರಿ ಆಗಬಾರದು.

ಕಂಪನಿಯ ಸ್ವಂತ ಜಾಗ ಎಂದರೆ ಸಬ್‌ಸ್ಟೇಷನ್ ಆವರಣ, ಆಫೀಸು, ಹಳೆಯ ಕ್ವಾರ್ಟರ್ಸು, ಸಾಮಾನು ಇಡುವ ಬಯಲು. ಇವುಗಳ ಕಾಗದವೂ ಒಂದು ಕಥೆ. 1953ರ ಅಕ್ಟೋಬರ್ 1ರವರೆಗೆ ಆದೋನಿ, ಆಲೂರು ಬಳ್ಳಾರಿ ಜಿಲ್ಲೆಯವು. 1959ರಲ್ಲಿ ಆಂಧ್ರ ವಿದ್ಯುತ್ ಮಂಡಳಿ, 1999ರಲ್ಲಿ ಅದು ಒಡೆದು ಟ್ರಾನ್ಸ್‌ಕೋ, ಜೆನ್‌ಕೋ, 2000ದಲ್ಲಿ ಹೈದರಾಬಾದಿನ ಕೇಂದ್ರ ವಿತರಣ ಕಂಪನಿ, 2014ರ ರಾಜ್ಯ ವಿಭಜನೆಯಲ್ಲಿ ಕರ್ನೂಲು ಜಿಲ್ಲೆ ತಿರುಪತಿಯ ದಕ್ಷಿಣ ವಿತರಣ ಕಂಪನಿಗೆ. ದಾನಪತ್ರ ಒಂದು ಹೆಸರಿನಲ್ಲಿದ್ದರೆ ಬೋರ್ಡು ಇನ್ನೊಂದು ಹೆಸರಿನಲ್ಲಿ. ಊರಿನವರು ಕರೆಂಟ್ ಬರಲಿ ಎಂದು ಪುಕ್ಕಟೆ ಕೊಟ್ಟ ಜಾಗಗಳು ಎಷ್ಟೋ ಇವೆ. ಯಂತ್ರಕ್ಕೆ ಬೇಡವಾದ ಮೂಲೆಯನ್ನು ಕೊಟ್ಟವರ ಮಕ್ಕಳು ಕೇಳಿದರೆ ಅದು ಭಿಕ್ಷೆಯಲ್ಲ.

ಎಲ್ಲ ಮೂಲೆಯನ್ನೂ ತೆರೆಯಿರಿ ಎನ್ನುವಷ್ಟು ಅವಿವೇಕಿ ನಾನಲ್ಲ. ಸಬ್‌ಸ್ಟೇಷನ್ ಯಾರ್ಡಿನಲ್ಲಿ ಜಲ್ಲಿಕಲ್ಲು ಹಾಸಿರುವುದು ಅಂದಕ್ಕಲ್ಲ. ಲೈನಿನಲ್ಲಿ ಫಾಲ್ಟ್ ಆದಾಗ ಕರೆಂಟು ಭೂಮಿಗಿಳಿಯುತ್ತದೆ. ಆ ಕ್ಷಣದಲ್ಲಿ ಒಂದು ಹೆಜ್ಜೆಯ ಅಂತರದಲ್ಲೇ ನೆಲದ ವೋಲ್ಟೇಜು ಬೇರೆ ಬೇರೆ ಆಗಿ ಎರಡು ಕಾಲಿನ ನಡುವೆ ಕರೆಂಟು ಹರಿಯಬಹುದು. ಒಣ ಜಲ್ಲಿ ಅದನ್ನು ತಡೆಯುತ್ತದೆ. ಬೇಲಿಗೂ ಅರ್ಥಿಂಗ್ ಇರುತ್ತದೆ, ಹಾಗಾಗಿ ಬೇಲಿಯ ಹೊರಗೂ ಸ್ವಲ್ಪ ದೂರ ಬಿಡಬೇಕು; ಎಷ್ಟು ಎಂದು ಅಳೆದು ಹೇಳಬೇಕಾದವರು ಸರ್ಕಾರದ ವಿದ್ಯುತ್ ಇನ್ಸ್‌ಪೆಕ್ಟರು, ಕಂಪನಿಯವರೂ ಅಲ್ಲ, ಸರ್ಪಂಚರೂ ಅಲ್ಲ. ಕಬ್ಬಿಣದ ವಾಲಿಬಾಲ್ ಕಂಬ, ಶಾಮಿಯಾನದ ಪೈಪು ಲೈನಿನ ಹತ್ತಿರ ಬರಕೂಡದು. ಬಣವೆ ಒಟ್ಟಕೂಡದು. ರಸ್ತೆ ದಾಟುವ 11 ಕೆವಿ ತಂತಿ ನೆಲದಿಂದ ಕನಿಷ್ಠ 6.1 ಮೀಟರ್ ಎತ್ತರದಲ್ಲಿರಬೇಕು ಎಂಬುದು ನಿಯಮ. ಆದೋನಿ ಮಾರ್ಕೆಟ್ ಯಾರ್ಡಿಗೆ ಹೊರಟ ಹತ್ತಿಯ ಟ್ರಾಕ್ಟರನ್ನು ಕಂಡವರಿಗೆ, ಆ ಹೇರು ಜೋತುಬಿದ್ದ ತಂತಿಯ ಕೆಳಗೆ ಹೋದರೆ ಏನಾಗಬಹುದು ಎಂದು ಬಿಡಿಸಿ ಹೇಳಬೇಕಿಲ್ಲ. ತಂತಿ ಎಷ್ಟು ಜೋತಿದೆ ಎಂದು ಅಳೆಯದೆ ಯಾವ ಜಾಗವನ್ನೂ ತೆರೆಯಬಾರದು.

ಒಪ್ಪಂದದಲ್ಲಿ ಏನಿರಬೇಕು? ನಕ್ಷೆ ಇರಲಿ, ತೆರೆದ ಭಾಗ ಯಾವುದು, ಮುಚ್ಚಿದ ಭಾಗ ಯಾವುದು ಎಂದು ಕಲ್ಲು ನೆಡಲಿ. ಪಂಚಾಯಿತಿ ಜಾಲಿ ಕಿತ್ತು, ಗುಂಡಿ ಮುಚ್ಚಿ, ನೆಲ ನೋಡಿಕೊಳ್ಳಲಿ. ಕಂಪನಿ ಬೇಲಿ, ಅರ್ಥಿಂಗ್, ತಂತಿ ನೋಡಿಕೊಳ್ಳಲಿ. 2019ರಿಂದ ಆಂಧ್ರದ ಗ್ರಾಮ ಸಚಿವಾಲಯಗಳಿಗೆಂದು ಎನರ್ಜಿ ಅಸಿಸ್ಟೆಂಟರನ್ನು ನೇಮಿಸಿದ್ದಾರೆ. ಅವರು ನಿಗದಿಯಾಗಿ ಬಂದು ನೋಡಿ ಪುಸ್ತಕದಲ್ಲಿ ಬರೆಯಲಿ, ಆ ಪುಸ್ತಕದ ಒಂದು ಪ್ರತಿ ಪಂಚಾಯಿತಿಯಲ್ಲೂ ಇರಲಿ. ಬೋರ್ಡು ತೆಲುಗಿನಲ್ಲೂ ಕನ್ನಡದಲ್ಲೂ ಇರಲಿ. ಗಡಿಯೂರಿನ ಕನ್ನಡ ಶಾಲೆಯ ಮಗುವಿಗೆ ಅಪಾಯದ ಎಚ್ಚರಿಕೆ ಓದಲು ಬರದಿದ್ದರೆ ಅದು ಎಚ್ಚರಿಕೆಯೇ ಅಲ್ಲ.

ಹೊಣೆಯನ್ನು ಮುಂಚೆಯೇ ಹಂಚಿಡುವುದರಿಂದ ಏನು ಲಾಭ ಎಂದು ಕೇಳುವವರು ದೆಹಲಿಯ ಉಪಹಾರ್ ಚಿತ್ರಮಂದಿರವನ್ನು ನೆನೆಯಲಿ. 1997ರ ಜೂನ್‌ನಲ್ಲಿ ಅಲ್ಲಿದ್ದ ವಿದ್ಯುತ್ ಮಂಡಳಿಯ ಟ್ರಾನ್ಸ್‌ಫಾರ್ಮರಿನಿಂದ ಬೆಂಕಿ ಹಬ್ಬಿ 59 ಜನ ಸತ್ತರು. ಜಾಗ ಒಬ್ಬರದು, ಯಂತ್ರ ಇನ್ನೊಬ್ಬರದು. ಚಿತ್ರಮಂದಿರಕ್ಕೆ ಶೇ 85, ವಿದ್ಯುತ್ ಮಂಡಳಿಗೆ ಶೇ 15 ಎಂದು ಪರಿಹಾರದ ಹೊಣೆ ಹಂಚಿಕೆಯಾಗಿ ಸುಪ್ರೀಂ ಕೋರ್ಟಿನ ತೀರ್ಪು ಬಂದದ್ದು 2011ರಲ್ಲಿ. ಸತ್ತವರ ಮನೆಯವರು ಅಷ್ಟು ವರ್ಷ ಕಾಯುವುದಕ್ಕಿಂತ ಜಾಗ ತೆರೆಯುವ ದಿನವೇ ಹಂಚಿ ಬರೆದಿಡುವುದು ಮೇಲು.

ಆಕ್ಷೇಪಣೆಗಳಿಗೆ ಬರೋಣ. ಒಂದು, ಖಾಲಿ ಜಾಗ ತೆರೆದರೆ ಒತ್ತುವರಿ ಆಗುತ್ತದೆ ಎಂಬುದು. ಕಾನೂನು ಇದಕ್ಕೆ ವಿರುದ್ಧವಾಗಿದೆ. 1882ರ ಈಸ್‌ಮೆಂಟ್ ಕಾಯ್ದೆಯ ಪ್ರಕಾರ ಹಕ್ಕೆಂದು, ಬಹಿರಂಗವಾಗಿ, 20 ವರ್ಷ ತಡೆಯಿಲ್ಲದೆ ನಡೆದ ದಾರಿ ಹಕ್ಕಾಗಿ ಕೂರಬಹುದು. ಅನುಮತಿ ಪಡೆದು ನಡೆದದ್ದು ಎಷ್ಟು ವರ್ಷವಾದರೂ ಅನುಮತಿಯೇ. ಕಂಡೂ ಕಾಣದಂತೆ ಬಿಡುವುದರಲ್ಲಿ ಕಂಪನಿಗೆ ಅಪಾಯ ಹೆಚ್ಚು, ಬರೆದು ಕೊಡುವುದರಲ್ಲಿ ಕಡಿಮೆ. ದಿನಾ ಹುಡುಗರು ಆಡುವ ಬಯಲಿನಲ್ಲಿ ರಾತ್ರೋರಾತ್ರಿ ಗೋಡೆ ಎಬ್ಬಿಸುವುದೂ ಸುಲಭವಲ್ಲ; ಜಾಲಿಯ ಮರೆಯಲ್ಲಿ ಸುಲಭ.

ಎರಡು, ಪಂಚಾಯಿತಿಯ ಬಳಿ ದುಡ್ಡೆಲ್ಲಿ ಎಂಬುದು. ಇದು ನಿಜವಾದ ಪ್ರಶ್ನೆ. ಕೇಂದ್ರದ ಸುರಕ್ಷಾ ಬಿಮಾ ಯೋಜನೆಯಲ್ಲಿ ವರ್ಷಕ್ಕೆ 20 ರೂಪಾಯಿ ಕಟ್ಟಿದರೆ ಅಪಘಾತದ ಸಾವಿಗೆ 2 ಲಕ್ಷ ರೂಪಾಯಿ ಸಿಗುತ್ತದೆ, ಆದರೆ ಅದು 18ರಿಂದ 70 ವರ್ಷದವರಿಗೆ. ಆಟದ ಬಯಲಿಗೆ ಬರುವ ಮಕ್ಕಳು ಅದರ ಹೊರಗೆ ಉಳಿಯುತ್ತಾರೆ. ಹಾಗಾಗಿ ಇಂಥ ಜಾಗಗಳಿಗೆ ಜಿಲ್ಲೆಗೊಂದು ಗುಂಪು ವಿಮೆ ಬೇಕು, ಅದರ ಕಂತು ರಾಜ್ಯ ಸರ್ಕಾರ ಕಟ್ಟಬೇಕು. ವಿಮೆ ಇಲ್ಲದೆ ಊರಿನ ಮೇಲೆ ಹೊಣೆ ಹೊರಿಸಿದರೆ ಕಂಪನಿಯ ಭಯವನ್ನು ಸರ್ಪಂಚರ ತಲೆಗೆ ವರ್ಗಾಯಿಸಿದ್ದಷ್ಟೇ ಆಗುತ್ತದೆ.

ಮೂರು, ಇದಕ್ಕೆಲ್ಲ ದೆಹಲಿ ಕಾನೂನು ಮಾಡಬೇಕು ಎಂಬುದು. ಬೇಕಾಗಿಲ್ಲ. ವಿದ್ಯುತ್ತೂ, ಇಂಥ ಪರಿಹಾರದ ದಾವೆಗಳ ವಿಷಯವೂ ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿವೆ. ಆಂಧ್ರವೂ ಮಾಡಬಹುದು, ಕರ್ನಾಟಕವೂ ಮಾಡಬಹುದು. ಸಿರುಗುಪ್ಪದ ಸಬ್‌ಸ್ಟೇಷನ್ ಮೂಲೆಯಲ್ಲಿ ಬೆಳೆದ ಜಾಲಿಗೂ ಹೊಳಗುಂದದ ಜಾಲಿಗೂ ಮುಳ್ಳಿನಲ್ಲಿ ಭೇದವಿಲ್ಲ.

ಆದೋನಿ, ಆಲೂರು, ಮಂತ್ರಾಲಯ, ಎಮ್ಮಿಗನೂರು, ಪತ್ತಿಕೊಂಡ ಕ್ಷೇತ್ರಗಳ ಐವರು ಶಾಸಕರಲ್ಲಿ ಒಬ್ಬರಾದರೂ ಈ ಮಸೂದೆಯನ್ನು ಕೈಗೆತ್ತಿಕೊಂಡರೆ ಕರಡು ಬರೆಯುವ ಕೆಲಸ ನಾನು ಪುಕ್ಕಟೆ ಮಾಡಿಕೊಡುತ್ತೇನೆ. ಮಸೂದೆಗೆ ವರ್ಷಗಳು ಹಿಡಿಯಬಹುದು. ಅದಕ್ಕೆ ಮುಂಚೆ ಆಗಬೇಕಾದ ಕೆಲಸ ಒಂದಿದೆ: ಪ್ರತಿ ಸಬ್‌ಸ್ಟೇಷನ್ನಿನ ಜಾಗ ಎಷ್ಟು, ಯಾರು ಕೊಟ್ಟದ್ದು, ಯಾರ್ಡು ಹಿಡಿದದ್ದು ಎಷ್ಟು, ಉಳಿದದ್ದು ಎಷ್ಟು ಎಂಬ ಪಟ್ಟಿಯನ್ನು ಆಯಾ ಪಂಚಾಯಿತಿಯ ಗೋಡೆಗೆ ಅಂಟಿಸುವುದು. ಅದಕ್ಕೆ ಹೊಸ ಕಾನೂನು ಬೇಡ, ವಿಮೆ ಬೇಡ, ಯಾರಿಗೂ ಮೆಮೋ ಬರುವುದಿಲ್ಲ. ಕಲೆಕ್ಟರರ ಒಂದು ಸುತ್ತೋಲೆ ಸಾಕು.